ಸವೆದ ಚಿಲಕದ ಲೆಕ್ಕ

ಕೆಲವು ವರ್ಷಗಳ ಹಿಂದೆ, ಮಾವಿನ ಕಾಲದಲ್ಲಿ, ನಮ್ಮ ಸೋದರಮಾವನವರ ಹಳೆಯ ಕಾರಿನಲ್ಲಿ ಮಾಗಡಿಯಿಂದ ರಾಮನಗರದ ಕಡೆಗೆ ಬರುತ್ತಿದ್ದೆವು. ಹಿಂದಿನ ಆಸನದ ಎಡ ತುದಿಯಲ್ಲಿ, ಬಾಗಿಲಿಗೆ ಒರಗಿದಂತೆ, ಹಣ್ಣಿನ ದೊಡ್ಡ ಬುಟ್ಟಿಯೊಂದಿದ್ದಿತು. ರಸ್ತೆ ಬಲಕ್ಕೆ ತಿರುಗುವ ಒಂದೆಡೆಯಲ್ಲಿ ಆ ಬಾಗಿಲು ಯಾರೂ ಮುಟ್ಟದೆಯೇ ತೆರೆದುಕೊಂಡಿತು. ಬುಟ್ಟಿ ಹೊರಗುರುಳಿ ಹಣ್ಣೆಲ್ಲ ರಸ್ತೆಯ ಪಾಲಾಯಿತು. ಹೋಗುವಾಗ ಅದೇ ಸ್ಥಳದಲ್ಲಿ ನನ್ನ ತಂಗಿಯ ಆರು ವರ್ಷದ ಮಗನು ಕುಳಿತಿದ್ದನು. ಆದುದರಿಂದ ಹಣ್ಣು ಹೋದುದಕ್ಕೆ ಯಾರೂ ಮರುಗಲಿಲ್ಲ. ಸ್ವಲ್ಪ ಹೊತ್ತು ಯಾರೂ ಮಾತನ್ನೇ ಆಡಲಿಲ್ಲ.

ವಿಚಿತ್ರವೆಂದರೆ, ಅಂದು ಮಧ್ಯಾಹ್ನವಷ್ಟೇ ಮಾಗಡಿಯಲ್ಲಿ ಆ ಚಿಲಕಕ್ಕೆ ಎಣ್ಣೆ ಬಿಡಿಸಿದ್ದೆವು. ಬಾಗಿಲು ಮುಚ್ಚಲು ಬಿಗಿಯಾಗಿದೆಯೆಂದು ಮಾವನವರು ಹೇಳಿದುದಕ್ಕೆ ಮೆಕ್ಯಾನಿಕ್ಕನು ನಾಲ್ಕು ಹನಿ ಎಣ್ಣೆ ಹಾಕಿ, ಬಾಗಿಲನ್ನು ಹತ್ತು ಸಲ ಬಡಿದು, “ಈಗ ಸರಿಯಾಯಿತು ಸ್ವಾಮಿ” ಎಂದಿದ್ದನು. ನಿಜವಾಗಿಯೂ ಅದು ಹಗುರವಾಗಿ ಮುಚ್ಚಿಕೊಳ್ಳುತ್ತಿತ್ತು. ವರ್ಷಗಟ್ಟಲೆ ಎಣ್ಣೆ ಕಾಣದೆ, ತುಕ್ಕು ಹಿಡಿದು, ಕಿರುಗುಟ್ಟುತ್ತಿದ್ದಾಗ ಒಮ್ಮೆಯೂ ತೆರೆದುಕೊಳ್ಳದಿದ್ದ ಬಾಗಿಲು ಎಣ್ಣೆ ಬಿದ್ದ ದಿನವೇ ಏಕೆ ತೆರೆದುಕೊಂಡಿತು? ಈ ಪ್ರಶ್ನೆಗೆ ಉತ್ತರವನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ಕೊಡಬಹುದು. ಆ ಉತ್ತರ ತಿಳಿದರೆ ಸವೆದ ಚಿಲಕವನ್ನು ದುರಸ್ತಿಮಾಡುವ ಕ್ರಮವೂ ತಿಳಿಯುತ್ತದೆ.

ಮೊದಲು ಚಿಲಕದ ರಚನೆಯನ್ನು ನೋಡೋಣ. 1930ರಿಂದ 1950ರ ದಶಕದವರೆಗಿನ ಅನೇಕ ಕಾರುಗಳಲ್ಲಿ ಬಾಗಿಲಿನ ಅಂಚಿನಿಂದ ಉಕ್ಕಿನ ಒಂದು ನಾಲಗೆ ಹೊರಚಾಚಿರುತ್ತದೆ. ಅದರ ಹಿಂದೆ ಒಂದು ಸ್ಪ್ರಿಂಗ್ ಇದ್ದು, ನಾಲಗೆಯನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ. ಎಳೆದರೆ ತಾನಾಗಿ ಬೀಗ ಬೀಳುವ ಮನೆಯ ಬಾಗಿಲನ್ನು ನೋಡಿದವರಿಗೆ ಈ ರಚನೆ ಹೊಸದಲ್ಲ. ನಾಲಗೆಯ ಒಳಮುಖವು ಓರೆಯಾಗಿರುತ್ತದೆ. ಬಾಗಿಲನ್ನು ಮುಚ್ಚುವಾಗ ಈ ಓರೆಯು ಕಂಬದ ಮೇಲಿನ ತಟ್ಟೆಗೆ ತಗುಲಿ ನಾಲಗೆ ಹಿಂದಕ್ಕೆ ಸರಿಯುತ್ತದೆ, ತಟ್ಟೆಯನ್ನು ದಾಟಿದೊಡನೆ ಮತ್ತೆ ಹೊರಚಾಚುತ್ತದೆ. ಹೊರಮುಖವು ಮಾತ್ರ ನೆಟ್ಟಗಿರುತ್ತದೆ. ಬಾಗಿಲನ್ನು ಒಳಗಿನಿಂದ ತಳ್ಳಿದರೆ ಈ ನೆಟ್ಟನೆಯ ಮುಖವೇ ತಟ್ಟೆಯನ್ನು ಒತ್ತುತ್ತದೆ. ಒತ್ತಡದ ದಿಕ್ಕಿಗೆ ಮುಖವು ಲಂಬವಾಗಿರುವುದರಿಂದ ನಾಲಗೆಯನ್ನು ಹಿಂದಕ್ಕೆ ಸರಿಸುವ ಬಲ ಹುಟ್ಟುವುದೇ ಇಲ್ಲ. ಎಷ್ಟೇ ಬಲವಾಗಿ ತಳ್ಳಿದರೂ, ಉಕ್ಕು ಬಾಗುವವರೆಗೆ ಅಥವಾ ಮುರಿಯುವವರೆಗೆ, ಬಾಗಿಲು ತೆರೆಯದು.

ಸಹಸ್ರಾರು ಸಲ ಬಾಗಿಲನ್ನು ತೆರೆದು ಮುಚ್ಚಿದ ಮೇಲೆ ಈ ಮುಖದ ಅಂಚು ಉರುಟಾಗುತ್ತದೆ. ಕಲ್ಲುರಸ್ತೆಯ ಕುಲುಕಾಟದಲ್ಲಿ ತಟ್ಟೆ ಮತ್ತು ನಾಲಗೆಗಳು ಒಂದನ್ನೊಂದು ಉಜ್ಜುತ್ತವೆ. ನಡುವೆ ಸಿಕ್ಕಿದ ಧೂಳು ಅರದಂತೆ ಕೆಲಸಮಾಡುತ್ತದೆ. ಹೀಗೆ ನೆಟ್ಟಗಿದ್ದ ಮುಖವು ಕ್ರಮೇಣ ಇಳಿಜಾರಾಗುತ್ತದೆ. ಈಗ ಬಾಗಿಲನ್ನು ಹೊರಕ್ಕೆ ತಳ್ಳುವ ಬಲದ ಒಂದು ಭಾಗವು ನಾಲಗೆಯನ್ನು ಹಿಂದಕ್ಕೆ ಸರಿಸಲು ತೊಡಗುತ್ತದೆ. ಅದನ್ನು ತಡೆಯುವವು ಎರಡು: ಸ್ಪ್ರಿಂಗು ಮತ್ತು ಘರ್ಷಣೆ.

ರಾಮನಗರದ ಬೆಟ್ಟಗಳನ್ನು ಕಂಡವರು ಅಲ್ಲಿನ ಇಳಿಜಾರುಗಳ ಮೇಲೆ ನಿಂತಿರುವ ಬಂಡೆಗಳನ್ನು ಕಂಡು ಬೆರಗಾಗಿರಬಹುದು. ಈ ಕಲ್ಲು ಸುಮಾರು 250 ಕೋಟಿ ವರ್ಷ ಹಳೆಯದು. ಊರಿನ ಹಿಂದಿನ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಅಷ್ಟು ಭಾರವಾದ ಬಂಡೆ ಜಾರದೆ ನಿಂತಿರುವುದು ಹೇಗೆ? ಭಾರ ಹೆಚ್ಚಿದಷ್ಟೂ ಬಂಡೆಯನ್ನು ಕೆಳಕ್ಕೆಳೆಯುವ ಬಲ ಹೆಚ್ಚುತ್ತದೆ. ಆದರೆ ಬಂಡೆಯು ನೆಲವನ್ನು ಒತ್ತುವ ಬಲವೂ, ಅದರೊಡನೆ ಘರ್ಷಣೆಯೂ, ಅದೇ ಪ್ರಮಾಣದಲ್ಲಿ ಹೆಚ್ಚುತ್ತವೆ. ಆದ್ದರಿಂದ ಜಾರುವುದೋ ನಿಲ್ಲುವುದೋ ಎಂಬುದನ್ನು ತೀರ್ಮಾನಿಸುವುದು ಭಾರವಲ್ಲ, ಇಳಿಜಾರಿನ ಕೋನ. ಒಂದು ನಿಶ್ಚಿತ ಕೋನದವರೆಗೆ ಬೆಣಚಿಕಲ್ಲಾಗಲಿ ಆನೆಬಂಡೆಯಾಗಲಿ ಜಾರುವುದಿಲ್ಲ. ಅದನ್ನು ಮೀರಿದರೆ ಎರಡೂ ಜಾರುತ್ತವೆ. ಈ ಕೋನಕ್ಕೆ ಘರ್ಷಣ ಕೋನವೆಂದು ಹೆಸರು. ಕಲ್ಲಿನ ಮೇಲೆ ಕಲ್ಲಿಗೆ ಇದು ಸುಮಾರು 30 ಡಿಗ್ರಿ.

ಈ ವಿಷಯವನ್ನು ವಿದ್ಯಾರ್ಥಿಗಳು ಮನೆಯಲ್ಲಿಯೇ ಪರೀಕ್ಷಿಸಬಹುದು. ಉಕ್ಕಿನ ಒಂದು ಪಟ್ಟಿಯ ಮೇಲೆ ಉಕ್ಕಿನ ನಟ್ಟೊಂದನ್ನಿಟ್ಟು ಪಟ್ಟಿಯ ಒಂದು ತುದಿಯನ್ನು ಮೆಲ್ಲಗೆ ಎತ್ತಿರಿ. ನಟ್ಟು ಜಾರಲಾರಂಭಿಸಿದ ಗಳಿಗೆಯಲ್ಲಿ ತುದಿಯ ಎತ್ತರವನ್ನೂ, ತುದಿಯಿಂದ ತುದಿಗೆ ನೆಲದ ಮೇಲಿನ ಅಂತರವನ್ನೂ ಅಳೆಯಿರಿ. ಎತ್ತರವನ್ನು ಅಂತರದಿಂದ ಭಾಗಿಸಿದರೆ ದೊರೆಯುವುದೇ ಘರ್ಷಣ ಗುಣಾಂಕ. ಒಣಗಿದ, ಸ್ವಲ್ಪ ತುಕ್ಕು ಹಿಡಿದ ಉಕ್ಕಿಗೆ ಇದು 0.4 ಅಥವಾ ಹೆಚ್ಚು. ಎಂದರೆ ಘರ್ಷಣ ಕೋನ ಸುಮಾರು 22 ಡಿಗ್ರಿ. ಈಗ ಪಟ್ಟಿಗೆ ಎಣ್ಣೆ ಸವರಿ ಮತ್ತೆ ಪರೀಕ್ಷಿಸಿರಿ. ಗುಣಾಂಕವು 0.1ರ ಸಮೀಪಕ್ಕೆ ಇಳಿಯುತ್ತದೆ. ಕೋನವು 6 ಡಿಗ್ರಿಗಿಂತ ಕಡಮೆಯಾಗುತ್ತದೆ.

ಬುಟ್ಟಿ ಉರುಳಿದ ಕಾರಣ ಈಗ ಹೊಳೆದಿರಬೇಕು. ಆ ಚಿಲಕದ ಮುಖವು 12 ಡಿಗ್ರಿ ಓರೆಯಾಗಿತ್ತೆಂದು ಇಟ್ಟುಕೊಳ್ಳೋಣ. ತುಕ್ಕು ಹಿಡಿದಿದ್ದಾಗ ಘರ್ಷಣ ಕೋನ 22 ಡಿಗ್ರಿ. ಓರೆಯು ಅದಕ್ಕಿಂತ ಕಡಮೆಯಾದುದರಿಂದ ಬಾಗಿಲನ್ನು ಎಷ್ಟು ತಳ್ಳಿದರೂ ನಾಲಗೆ ಜಾರದು. ಎಣ್ಣೆ ಬಿದ್ದೊಡನೆ ಘರ್ಷಣ ಕೋನ 5.7 ಡಿಗ್ರಿಗೆ ಇಳಿಯಿತು. ಉಳಿದ 6.3 ಡಿಗ್ರಿಗೆ ಸ್ಪ್ರಿಂಗೊಂದೇ ಆಧಾರ. ತ್ರಿಕೋನಮಿತಿ ಓದಿದವರು ಲೆಕ್ಕ ಹಾಕಬಹುದು: 6.3 ಡಿಗ್ರಿಯ ಟ್ಯಾಂಜೆಂಟ್ 0.11. ಸ್ಪ್ರಿಂಗಿನ ಬಲವು 1 ಕಿಲೋಗ್ರಾಂ ಭಾರದಷ್ಟಿದ್ದರೆ, ಚಿಲಕದ ಮೇಲೆ ಸುಮಾರು 9 ಕಿಲೋಗ್ರಾಂ ಭಾರ ಬಿದ್ದೊಡನೆ ನಾಲಗೆ ಹಿಂದೆ ಸರಿಯುತ್ತದೆ.

ಆ ತಿರುವಿನಲ್ಲಿ ಬಿದ್ದ ಭಾರವೆಷ್ಟು? ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರು. ತಿರುವಿನ ತ್ರಿಜ್ಯ 30 ಮೀಟರ್ ಇದ್ದರೆ, ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿದಾಗ ಬರುವ ವೇಗೋತ್ಕರ್ಷವು ಗುರುತ್ವದ ಸುಮಾರು 0.4 ಭಾಗ. 30 ಕಿಲೋಗ್ರಾಂ ತೂಗುವ ಬುಟ್ಟಿಯು ಬಾಗಿಲನ್ನು 12 ಕಿಲೋಗ್ರಾಂ ಭಾರದಷ್ಟು ಬಲದಿಂದ ಒತ್ತುತ್ತದೆ. 20 ಕಿಲೋಗ್ರಾಮಿನ ಬಾಗಿಲು ತಾನೇ 8ರಷ್ಟು ಸೇರಿಸುತ್ತದೆ. ಇದರಲ್ಲಿ ಅರ್ಧವನ್ನು ಬಾಗಿಲಿನ ಕೀಲುಗಳು ಹೊತ್ತರೂ ಚಿಲಕಕ್ಕೆ 10 ಉಳಿಯುತ್ತದೆ. ಒಂಬತ್ತನ್ನು ತಾಳುವ ಚಿಲಕದ ಮೇಲೆ ಹತ್ತು ಬಿದ್ದಿತು. ಇವು ಊಹೆಯ ಅಂಕಿಗಳೇ ಹೊರತು ಅಳೆದು ಪಡೆದವಲ್ಲ. ಆಸನದ ಘರ್ಷಣೆ, ನಾಲಗೆಯ ಮಾರ್ಗದ ಘರ್ಷಣೆ ಮುಂತಾದುವನ್ನು ಬಿಟ್ಟಿದ್ದೇನೆ. ಆದರೆ ಸಂಗತಿಯ ಸ್ವರೂಪ ಇದೇ.

ಹಾಗಾದರೆ ಎಣ್ಣೆ ಹಾಕದೆ, ತುಕ್ಕನ್ನೇ ನಂಬಿ ಕಾರನ್ನು ನಡೆಸಬಹುದೆ? ಕೂಡದು. ಹಳ್ಳ ದಿಣ್ಣೆಗಳಲ್ಲಿ ಬಾಗಿಲು ಅದುರುವಾಗ ನಾಲಗೆಗೂ ತಟ್ಟೆಗೂ ಕ್ಷಣಕಾಲ ಸಂಪರ್ಕ ತಪ್ಪುತ್ತದೆ. ಆ ಕ್ಷಣದಲ್ಲಿ ಘರ್ಷಣೆಯೆಂಬುದೇ ಇರುವುದಿಲ್ಲ. ಮಳೆಗಾಲದ ನೀರು ಸಹ ಅದನ್ನು ತಗ್ಗಿಸಬಲ್ಲುದು. ಚಿಲಕದ ಭದ್ರತೆ ಅದರ ಆಕಾರದಿಂದ ಬರಬೇಕು. ಆಕಾರ ಸರಿಯಿದ್ದರೆ ಎಣ್ಣೆಯಿಂದ ಕೇಡಿಲ್ಲ. ಆ ಮೆಕ್ಯಾನಿಕ್ಕನ ಎಣ್ಣೆಯು ರೋಗವನ್ನು ಉಂಟುಮಾಡಲಿಲ್ಲ, ಅಡಗಿದ್ದುದನ್ನು ಹೊರಗೆಡಹಿತು ಅಷ್ಟೆ.

ಬಾಗಿಲ ಚಿಲಕವನ್ನು ಪ್ರಾಣರಕ್ಷಣೆಯ ಸಾಧನವೆಂದು ಜಗತ್ತು ಗಣಿಸಿದುದು ತಡವಾಗಿ. 1950ರ ದಶಕದಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಕಾರು ಅಪಘಾತಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಬಾಗಿಲು ತೆರೆದು ಹೊರಗೆಸೆಯಲ್ಪಟ್ಟವರಿಗೆ ಒಳಗೇ ಉಳಿದವರಿಗಿಂತ ಮರಣಭಯ ಬಹಳ ಹೆಚ್ಚೆಂದು ಕಂಡುಬಂದಿತು. ಅಲ್ಲಿಯವರೆಗೆ ಹೊರಗೆ ಬಿದ್ದವನೇ ಅದೃಷ್ಟವಂತನೆಂದು ಅನೇಕರು ಭಾವಿಸಿದ್ದರು. 1956ರ ವೇಳೆಗೆ ಅಲ್ಲಿನ ಕಾರುಗಳಿಗೆ ಹೊಸ ರೀತಿಯ ಚಿಲಕಗಳು ಬಂದುವು. 1968ರಿಂದ ಜಾರಿಗೆ ಬಂದ ಅಮೆರಿಕದ ನಿಯಮವು, ಪೂರ್ಣವಾಗಿ ಮುಚ್ಚಿದ ಚಿಲಕವು ಬಾಗಿಲು ತೆರೆಯುವ ದಿಕ್ಕಿನಲ್ಲಿ ಸುಮಾರು 900 ಕಿಲೋಗ್ರಾಂ ಭಾರವನ್ನು ತಡೆಯಬೇಕೆಂದಿತು. ಅರ್ಧ ಮುಚ್ಚಿದ್ದರೂ ಸುಮಾರು 450ನ್ನು ತಾಳಬೇಕು. ನಮ್ಮ ಲೆಕ್ಕದ 9 ಕಿಲೋಗ್ರಾಮನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ.

ಮುಂಬಾಗಿಲ ಕೀಲು ಹಿಂದಿನ ಕಂಬಕ್ಕೆ ಇರುವ ಕಾರುಗಳಲ್ಲಿ ಅಪಾಯ ಇನ್ನೂ ಹೆಚ್ಚು. ನಮ್ಮ ದೇಶದ ರಸ್ತೆಗಳಲ್ಲಿ ಓಡಿದ ಫಿಯಟ್ 1100ರ ಮೊದಲ ಮಾದರಿಗಳು ಇಂಥವು. ಚಿಲಕ ಬಿಟ್ಟರೆ ಎದುರುಗಾಳಿಯು ಬಾಗಿಲನ್ನು ಪೂರ್ತಿಯಾಗಿ ಹಿಂದಕ್ಕೆ ಬೀಸಿಬಿಡುತ್ತದೆ.

ಹೊಸ ಚಿಲಕವನ್ನೇ ಹಾಕಿಸಬಾರದೇಕೆ ಎಂದು ವಾಚಕರು ಕೇಳಬಹುದು. ಅನೇಕ ಮಾದರಿಗಳಿಗೆ ಬಿಡಿಭಾಗ ಸಿಕ್ಕುವುದಿಲ್ಲ; ಬೇರೆ ಕಾರಿನದನ್ನು ಕೂರಿಸಲು ಬಾಗಿಲ ತಗಡನ್ನು ಕೊರೆಯಬೇಕಾಗುತ್ತದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿಸಿಕೊಂಡ, ವ್ಯಾಪಾರಕ್ಕೆ ಬಳಸದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಕೇಂದ್ರ ಸರ್ಕಾರವು 2021ರಲ್ಲಿ ನಿಯಮಗಳಲ್ಲಿ ಸೇರಿಸಿತು. ಮೂಲರೂಪಕ್ಕೆ ಈಗ ಕಾನೂನಿನ ಬೆಲೆಯೂ ಇದೆಯೆಂದಾಯಿತು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಂಥ ಕಡೆಗೆ ಹೋದಾಗ ಹಳೆಯ ಕಾರುಗಳ ಬಣ್ಣವನ್ನಷ್ಟೇ ನೋಡದೆ ಬಾಗಿಲ ಅಂಚುಗಳತ್ತಲೂ ಕಣ್ಣುಹಾಯಿಸಿರಿ.

ಇನ್ನು ದುರಸ್ತಿಯ ವಿಷಯ. ಚಿಲಕವನ್ನು ಬಿಚ್ಚುವ ಮೊದಲು ಕೀಲನ್ನು ನೋಡಬೇಕು. ಬಾಗಿಲನ್ನು ಅರ್ಧ ತೆರೆದು, ತುದಿಯನ್ನು ಹಿಡಿದು ಮೇಲಕ್ಕೆತ್ತಿರಿ. ಅಲುಗಿದರೆ ಕೀಲಿನ ಸರಳು ಅಥವಾ ಅದರ ರಂಧ್ರ ಸವೆದಿದೆ, ಬಾಗಿಲು ಜೋತುಬಿದ್ದಿದೆ. ಜೋತ ಬಾಗಿಲಿನ ನಾಲಗೆಯು ತಟ್ಟೆಯ ನಡುವೆ ಕೂಡದೆ ಅಂಚಿನಲ್ಲಿ ಕೂಡುತ್ತದೆ, ಬೇಗ ಸವೆಯುತ್ತದೆ. ರಂಧ್ರವನ್ನು ಸ್ವಲ್ಪ ಹಿಗ್ಗಿಸಿ, ಲೇತಿನಲ್ಲಿ ಕಡೆದ ದಪ್ಪ ಸರಳನ್ನು ಹಾಕಿಸಿದರೆ ಇದು ಸರಿಹೋಗುತ್ತದೆ. ಇದನ್ನು ಬಿಟ್ಟು ಕಂಬದ ತಟ್ಟೆಯನ್ನು ಕೆಳಕ್ಕೆ ಸರಿಸುವುದು ಬಹಳ ಕಡೆ ಕಾಣುವ ಅಡ್ಡದಾರಿ. ಆರು ತಿಂಗಳಿಗೆ ಮತ್ತೆ ಸರಿಸಬೇಕಾಗುತ್ತದೆ.

ಬಳಿಕ ನಾಲಗೆಯ ಹೊರಮುಖಕ್ಕೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ತೆಳ್ಳಗೆ ಹಚ್ಚಿರಿ. ಬಾಗಿಲನ್ನು ಮುಚ್ಚಿ, ಒಳಗಿನಿಂದ ಒಮ್ಮೆ ತಳ್ಳಿ, ಹಿಡಿಯನ್ನೆಳೆದು ತೆರೆಯಿರಿ. ತಟ್ಟೆಯ ಮೇಲೆ ಅಗಲವಾದ ಗುರುತು ಮೂಡಿದರೆ ಮುಖಗಳು ಸಮನಾಗಿ ಕೂಡುತ್ತಿವೆ. ಕೂದಲೆಳೆಯಂಥ ಗೆರೆ ಮೂಡಿದರೆ ಅಂಚು ಮಾತ್ರ ಹಿಡಿಯುತ್ತಿದೆ. ಆಗ ಚಿಲಕ ಹೊರಗೆ ಬರಲೇಬೇಕು. ಕಾಸಿನ ಖರ್ಚಿಲ್ಲದ ಈ ಪರೀಕ್ಷೆಯನ್ನು ಹಳೆಯ ಕಾರುಳ್ಳವರು ವರ್ಷಕ್ಕೊಮ್ಮೆಯಾದರೂ ಮಾಡಬೇಕು.

ಬಿಚ್ಚಿದ ಚಿಲಕವನ್ನು ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರೆ ಸವೆತವು ಕಣ್ಣಿಗೇ ಕಾಣುತ್ತದೆ. ಮೂಲ ಆಕಾರವನ್ನು ತಿಳಿಯುವುದೆಂತು? ಅದೇ ಕಾರಿನಲ್ಲಿ ಉತ್ತರವಿದೆ. ಎಡಬದಿಯಲ್ಲಿ ಓಡುವ ನಮ್ಮ ದೇಶದಲ್ಲಿ ಜನ ಸಾಮಾನ್ಯವಾಗಿ ಎಡ ಬಾಗಿಲಿನಿಂದ ಹತ್ತಿ ಇಳಿಯುತ್ತಾರೆ. ಬಲಗಡೆಯ ಮುಂಬಾಗಿಲನ್ನು ಚಾಲಕನು ಸದಾ ಬಳಸುತ್ತಾನೆ. ಬಲಗಡೆಯ ಹಿಂಬಾಗಿಲು ಎಲ್ಲಕ್ಕಿಂತ ಕಡಮೆ ಸವೆದಿರುತ್ತದೆ. ಆ ನಾಲಗೆಯ ಆಕಾರಕ್ಕೆ ಸರಿಯಾಗಿ ತೆಳುವಾದ ತಗಡನ್ನು ಕತ್ತರಿಸಿ ಅಚ್ಚು ಮಾಡಿಕೊಂಡರೆ, ಅದನ್ನು ಮಗುಚಿ ಎಡಗಡೆಯದಕ್ಕೂ ಬಳಸಬಹುದು.

ಸವೆದ ಮುಖವನ್ನು ಅರದಿಂದ ನೆಟ್ಟಗೆ ಮಾಡಿಬಿಟ್ಟರೆ ಸಾಲದೆ? ಸಾಲದು. ಅರ ಹಾಕಿದಷ್ಟೂ ನಾಲಗೆ ತೆಳುವಾಗಿ ಬಾಗಿಲು ಸಡಿಲವಾಗುತ್ತದೆ, ಗಡಗಡಿಸುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಇಂಥ ನಾಲಗೆಯನ್ನು ಸಾಮಾನ್ಯವಾಗಿ ಮೆದು ಉಕ್ಕಿನಿಂದ ಮಾಡಿ, ಅದರ ಚರ್ಮವನ್ನು ಮಾತ್ರ ಗಡುಸುಗೊಳಿಸಿರುತ್ತಾರೆ. ಒಳಗು ಮೆದುವಾದುದರಿಂದ ಪೆಟ್ಟಿಗೆ ಮುರಿಯುವುದಿಲ್ಲ, ಹೊರಗು ಗಡುಸಾದುದರಿಂದ ಸವೆಯುವುದಿಲ್ಲ. ಈ ಚರ್ಮದ ದಪ್ಪ ಒಂದು ಮಿಲಿಮೀಟರಿಗಿಂತ ಕಡಮೆ. ಒಮ್ಮೆ ಅದು ಹರಿದರೆ ಆಮೇಲಿನ ಸವೆತ ಬಹು ಶೀಘ್ರ.

ಉಕ್ಕಿನ ಗಡಸುತನಕ್ಕೆ ಕಾರಣ ಇಂಗಾಲ. ಮೆದು ಕಬ್ಬಿಣಕ್ಕೆ ಇಂಗಾಲವನ್ನು ಉಣಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಮಾಗಡಿಯ ಕಡೆಯ ಕಬ್ಬಿಣದ ಕುಲುಮೆಗಳನ್ನು ವರ್ಣಿಸಿದ್ದಾನೆ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಮತ್ತು ಹಸಿ ಎಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯಿ ಮುಚ್ಚಿ, ಕಾಸಿ ಉಕ್ಕು ಮಾಡುವುದು ಮೈಸೂರು ಸೀಮೆಯ ಪದ್ಧತಿಯಾಗಿತ್ತು. ಇಂದು ಬಣ್ಣದ ಬೊಂಬೆಗಳಿಗೆ ಹೆಸರಾದ ಚನ್ನಪಟ್ಟಣವು ಹಿಂದೆ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಗಳಿಗೂ ಪ್ರಸಿದ್ಧವಾಗಿದ್ದಿತು. (ಬೊಂಬೆಯವರ ಕಸಬಿನಲ್ಲಿಯೂ ನಮ್ಮ ಘರ್ಷಣೆ ಇದೆ: ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಬೆಂಕಿ ಬೇಕಿಲ್ಲ.) ಮೂಸೆಯಲ್ಲಿ ಇಂಗಾಲವು ಲೋಹದ ಒಡಲೆಲ್ಲ ಹರಡುತ್ತದೆ, ಚಿಲಕದ ನಾಲಗೆಗೆ ಚರ್ಮದಷ್ಟು ಸಾಕು.

ಆದುದರಿಂದ ಕ್ರಮ ಹೀಗೆ. ಸವೆದೆಡೆಯಲ್ಲಿ ಮೆದು ಉಕ್ಕನ್ನು ವೆಲ್ಡಿಂಗಿನಿಂದ ಹನಿಹನಿಯಾಗಿ ತುಂಬಿಸಿ, ಆರಲು ಬಿಟ್ಟು, ಅಚ್ಚಿಗೆ ಹೊಂದುವಂತೆ ಅರದಿಂದ ತಿದ್ದಬೇಕು. ಹೊರಮುಖವು ಲಂಬವಾಗಿರಲಿ, ಒಂದೆರಡು ಡಿಗ್ರಿ ಒಳಕ್ಕೆ ಕೊಕ್ಕೆಯಂತೆ ಬಾಗಿದ್ದರೂ ಒಳಿತೇ, ಆಗ ತಳ್ಳಿದಷ್ಟೂ ನಾಲಗೆ ಇನ್ನೂ ಹೊರಚಾಚಲು ನೋಡುತ್ತದೆ. ಹೊರಕ್ಕೆ ಮಾತ್ರ ಒಂದು ಡಿಗ್ರಿಯೂ ಓರೆ ಬೇಡ. ತಿದ್ದಿದ ನಾಲಗೆಯನ್ನು ಇದ್ದಿಲು ಮತ್ತು ಮೂಳೆಯ ಪುಡಿ ತುಂಬಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಹುದುಗಿಸಿ, ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ, ಸುಮಾರು 900 ಡಿಗ್ರಿಗಿಂತ ಮೇಲೆ, ಎಂದರೆ ಕಿತ್ತಳೆಗೆ ತಿರುಗುವ ಕೆಂಪಿನಲ್ಲಿ, ಎರಡು ಗಂಟೆ ಕಾಯಿಸಿದರೆ ಹೆಚ್ಚುಕಡಮೆ ಅರ್ಧ ಮಿಲಿಮೀಟರ್ ಆಳಕ್ಕೆ ಇಂಗಾಲ ಇಳಿಯುತ್ತದೆ. ಕೂಡಲೆ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಬೇಕು. ಬಳಿಕ ತಿಳಿಹಳದಿ ಬಣ್ಣ ಬರುವಷ್ಟು, ಸುಮಾರು 200 ಡಿಗ್ರಿಗೆ, ಮತ್ತೆ ಬಿಸಿಮಾಡಿದರೆ ಬಿರುಸು ಇಳಿದು ಹದಕ್ಕೆ ಬರುತ್ತದೆ. ಇದು ಕುಲುಮೆಯ ಕೆಲಸ. ವಿದ್ಯಾರ್ಥಿಗಳು ಅನುಭವಿ ಕಮ್ಮಾರನ ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕು, ಒಬ್ಬರೇ ಕೈಹಾಕಬಾರದು.

ವೆಲ್ಡಿಂಗಿಗೆ ಬದಲು ಹಿತ್ತಾಳೆಯ ಬ್ರೇಜಿಂಗ್ ಮಾಡುವವರೂ ಉಂಟು. ಅದು ಸುಲಭ, ತಟ್ಟೆಯನ್ನು ತಿನ್ನುವುದಿಲ್ಲ. ಆದರೆ ತಾನು ಬೇಗ ಸವೆಯುತ್ತದೆ. ಬ್ರೇಜ್ ಮಾಡಿದುದನ್ನು ಮತ್ತೆ ಗಡುಸುಗೊಳಿಸಲು ಸಾಧ್ಯವಿಲ್ಲ. ಆ ಕಾವಿಗೆ ಹಿತ್ತಾಳೆ ಕರಗಿ ಹರಿದುಹೋಗುತ್ತದೆ. ವರ್ಷಕ್ಕೆ ನಾಲ್ಕು ಸಲ ಹೊರಬರುವ ಪ್ರದರ್ಶನದ ಕಾರಿಗೆ ಇದು ಸಾಕು, ದಿನವೂ ಓಡುವ ಕಾರಿಗೆ ಸಾಲದು ಎಂಬುದು ನನ್ನ ಅಭಿಪ್ರಾಯ. ಇನ್ನೊಂದು ಎಚ್ಚರಿಕೆ: ಕೆಲವು ಚಿಲಕಗಳ ಒಡಲು ಸತುವಿನ ಮಿಶ್ರಲೋಹದ ಎರಕವಾಗಿರುತ್ತದೆ. ಬೂದುಬಣ್ಣದ ಈ ಲೋಹವು 400 ಡಿಗ್ರಿಗೆ ಮೊದಲೇ ಕರಗುತ್ತದೆ. ಉಕ್ಕೆಂದು ಭಾವಿಸಿ ಜ್ವಾಲೆ ಹಿಡಿದರೆ ಕ್ಷಣದಲ್ಲಿ ಚಿಲಕವೇ ಇಲ್ಲವಾಗುತ್ತದೆ. ಅಯಸ್ಕಾಂತವನ್ನು ಮುಟ್ಟಿಸಿ ನೋಡಿರಿ. ಸತುವಿಗೆ ಅದು ಅಂಟದು.

ಮುಂದೆ ಬಂದ ಕಾರುಗಳಲ್ಲಿ ಜಾರುವ ನಾಲಗೆಗೆ ಬದಲಾಗಿ ತಿರುಗುವ ಹಲ್ಲುಚಕ್ರವೋ ಕವಲುಕೊಕ್ಕೆಯೋ ಕಂಬದ ಗೂಟವನ್ನು ಹಿಡಿಯುತ್ತದೆ; ಒಂದು ಸಣ್ಣ ತಡೆಗೂಟ ಅದು ಹಿಂದಕ್ಕೆ ತಿರುಗದಂತೆ ತಡೆಯುತ್ತದೆ. 1999ರಿಂದ ಕಾರುಗಳು ತಯಾರಾಗುತ್ತಿರುವ ಬಿಡದಿಯಂಥ ಕಾರ್ಖಾನೆಗಳಿಂದ ಬರುವ ಇಂದಿನ ಬಾಗಿಲುಗಳೆಲ್ಲ ಈ ಜಾತಿಯವು. ಅಲ್ಲಿಯೂ ತಡೆಗೂಟದ ಮುಖದ ಕೋನವೇ ಮುಖ್ಯ. ಪ್ರಶ್ನೆ ಸ್ಥಳ ಬದಲಾಯಿಸಿದೆ, ಲೆಕ್ಕ ಬದಲಾಗಿಲ್ಲ.

ಚಿಲಕವನ್ನು ಮತ್ತೆ ಕೂರಿಸುವಾಗ ಬಾಗಿಲ ಸುತ್ತಿನ ರಬ್ಬರನ್ನು ಗಮನಿಸಬೇಕು. ಹಳೆಯ ಕಾರನ್ನು ಹೊಸದರಂತೆ ಮಾಡುವ ಉತ್ಸಾಹದಲ್ಲಿ ಕೆಲವರು ಮೂಲದ್ದಕ್ಕಿಂತ ದಪ್ಪನೆಯ ರಬ್ಬರನ್ನು ಅಂಟಿಸುತ್ತಾರೆ. ಅದು ಬಾಗಿಲನ್ನು ಹಗಲಿರುಳು ಹೊರಕ್ಕೆ ಒತ್ತುತ್ತ, ತಿರುವೇ ಇಲ್ಲದ ರಸ್ತೆಯಲ್ಲಿಯೂ ಚಿಲಕವನ್ನು ಸವೆಸುತ್ತದೆ. ಮಾವನವರ ಕಾರಿನಲ್ಲಿ ಬಾಗಿಲು ‘ಬಿಗಿ’ಯಾಗಿದ್ದುದಕ್ಕೆ ಇದೇ ಕಾರಣವೆಂದು ಆಮೇಲೆ ತಿಳಿಯಿತು.

ಕೊನೆಯ ಪರೀಕ್ಷೆ ಕಿವಿಯದು. ಎರಡು ಹಂತದ ಚಿಲಕವಾದರೆ, ಬಾಗಿಲನ್ನು ಮೆಲ್ಲಗೆ ಮುಚ್ಚುವಾಗ ‘ಟಕ್’ ಎಂದು ಒಮ್ಮೆ, ಪೂರ್ತಿ ಮುಚ್ಚಿದಾಗ ಮತ್ತೊಮ್ಮೆ ಕೇಳಿಸಬೇಕು. ಎರಡನೆಯದು ಕೇಳಿಸದಿದ್ದರೆ ತಟ್ಟೆಯನ್ನು ಕೂದಲಷ್ಟು ಹೊರಕ್ಕೆ ಸರಿಸಿ ಮತ್ತೆ ನೋಡಬೇಕು. ನಾಲಗೆಯ ಪಕ್ಕಗಳಿಗೂ ಓರೆಮುಖಕ್ಕೂ ಸ್ವಲ್ಪ ಗ್ರೀಸು ಸವರಿ, ಪಕ್ಕದ ಆಸನಗಳಲ್ಲಿ ಯಾರನ್ನೂ ಕೂರಿಸದೆ, ತಿರುವುಗಳಿರುವ ರಸ್ತೆಯಲ್ಲಿ ಒಮ್ಮೆ ಓಡಿಸಿ ತರಬೇಕು. ನಾವು ಕನಕಪುರದ ರಸ್ತೆಯಲ್ಲಿ ಹೋಗಿಬಂದೆವು. ಹಿಂದಿನ ಆಸನದಲ್ಲಿ, ಬಾಗಿಲಿಗೆ ಒರಗಿಸಿ, ಮರಳು ತುಂಬಿದ ಎರಡು ಚೀಲಗಳನ್ನಿಟ್ಟಿದ್ದೆವು. ಮನೆಗೆ ಬರುವವರೆಗೂ ಅವು ಇಟ್ಟಲ್ಲಿಯೇ ಇದ್ದುವು.